ಪೋಕರ್ ಡೀಲರ್ ಪಕ್ಷಪಾತ ಮಾಡುತ್ತಾರಾ? ಅನುಮಾನ ಸರಿ, ಹುಡುಕುವ ಜಾಗ ತಪ್ಪು

ಗೋವಾಕ್ಕೆ ಹೋಗಿ ಬಂದ ಗೆಳೆಯರ ಗುಂಪಿನಲ್ಲಿ ಒಬ್ಬರಾದರೂ ಈ ಕಥೆ ಹೇಳುತ್ತಾರೆ. ಪಣಜಿಯ ಮಾಂಡೋವಿ ನದಿಯಲ್ಲಿ ನಿಂತ ಕ್ಯಾಸಿನೊ ಹಡಗು, ಪೋಕರ್ ಮೇಜು, ರಾತ್ರಿ ಹನ್ನೊಂದರವರೆಗೆ ಎಲ್ಲವೂ ಚೆನ್ನಾಗಿತ್ತು. ಆಮೇಲೆ ಡೀಲರ್ ಬದಲಾದರು. "ಆಯಮ್ಮ ಬಂದು ಕೂತಿದ್ದೇ ತಡ, ನನಗೆ ಒಂದು ಒಳ್ಳೆ ಎಲೆ ಬೀಳಲಿಲ್ಲ. ಎದುರಿಗೆ ಕೂತವನಿಗೆ ಮಾತ್ರ ಎಕ್ಕದ ಮೇಲೆ ಎಕ್ಕ. ಅವನು ಟಿಪ್ಸ್ ಜಾಸ್ತಿ ಕೊಡ್ತಿದ್ದ, ಅದಕ್ಕೇ."

ಕೇಳಿದವರೆಲ್ಲ ತಲೆಯಾಡಿಸುತ್ತಾರೆ. ನಾವೂ ಎಷ್ಟೋ ಸಲ ತಲೆಯಾಡಿಸಿದ್ದೇವೆ. ಆದರೆ ಇದು ನಿಜವೇ? ಎಲೆ ಹಾಕುವವರು ತಮಗೆ ಬೇಕಾದವರಿಗೆ ಒಳ್ಳೆಯ ಎಲೆ ಕೊಡಬಲ್ಲರೇ?

ಉತ್ತರ ಎರಡು ಭಾಗದಲ್ಲಿದೆ. ನಿಗಾ ಇರುವ ಮೇಜಿನಲ್ಲಿ ಎಲೆಯ ಮೂಲಕ ಪಕ್ಷಪಾತ ಮಾಡುವುದು ತುಂಬಾ ಕಷ್ಟ, ಮಾಡಿ ದಕ್ಕಿಸಿಕೊಳ್ಳುವುದು ಇನ್ನೂ ಕಷ್ಟ. ಆದರೆ ಪಕ್ಷಪಾತ ಇಲ್ಲವೇ ಇಲ್ಲ ಅನ್ನಲಾಗದು. ಅದು ಇರುವ ಜಾಗ ಬೇರೆ, ಅಲ್ಲಿಗೆ ಯಾರ ಕಣ್ಣೂ ಹೋಗುವುದಿಲ್ಲ.

ಮೊದಲು ಡೀಲರ್ ಅಂದರೆ ಯಾರು

ಊರಿನ ಇಸ್ಪೀಟಿನಲ್ಲಿ ಎಲೆ ಹಂಚುವವನೂ ಆಟಗಾರನೇ. ಕ್ಯಾಸಿನೊ ಪೋಕರ್‌ನಲ್ಲಿ ಹಾಗಲ್ಲ. ಅಲ್ಲಿ ಡೀಲರ್ ಸಂಬಳಕ್ಕಿರುವ ನೌಕರ, ಆಡುವುದಿಲ್ಲ. ಆಟಗಾರರು ಒಬ್ಬರ ಹಣವನ್ನು ಇನ್ನೊಬ್ಬರು ಗೆಲ್ಲುತ್ತಾರೆ. ಮೇಜಿನ ನಡುವೆ ಸೇರಿದ ಹಣಕ್ಕೆ ಪಾಟ್ ಎನ್ನುತ್ತಾರೆ. ಅದರಿಂದ ಮನೆಯವರು, ಅಂದರೆ ಕ್ಯಾಸಿನೊ, ಒಂದು ಸಣ್ಣ ಪಾಲು ಮುರಿದುಕೊಳ್ಳುತ್ತಾರೆ. ಗೆಲ್ಲುವವರು ನೀವೋ ನಿಮ್ಮ ಎದುರಿನವರೋ, ಕ್ಯಾಸಿನೊಗೆ ಎರಡೂ ಒಂದೇ. ಬ್ಲ್ಯಾಕ್‌ಜ್ಯಾಕ್ ಅಥವಾ ರೂಲೆಟ್‌ನಲ್ಲಿ ನೀವು ಆಡುವುದು ಕ್ಯಾಸಿನೊ ವಿರುದ್ಧ. ಪೋಕರ್‌ನಲ್ಲಿ ಹಾಗಿಲ್ಲ. ಇದೊಂದು ವ್ಯತ್ಯಾಸ ಗೊತ್ತಿಲ್ಲದೆ ಹುಟ್ಟುವ ಅನುಮಾನಗಳೇ ಬಹಳ.

ಇನ್ನು ಟಿಪ್ಸ್. ಪಾಟ್ ಗೆದ್ದವರು ಡೀಲರ್‌ಗೆ ಒಂದೋ ಎರಡೋ ಬಿಲ್ಲೆ ಕೊಡುವ ರೂಢಿ ಹಲವೆಡೆ ಇದೆ. ಯಾರು ಗೆದ್ದರೂ ಟಿಪ್ಸ್ ಬರುತ್ತದೆ. ಉದಾರಿಯೊಬ್ಬ ಗೆದ್ದರೆ ಸ್ವಲ್ಪ ಹೆಚ್ಚು ಬರುತ್ತದೆ, ನಿಜ. ಆದರೆ ಆ ಒಂದು ಬಿಲ್ಲೆಗಾಗಿ ತಲೆಯ ಮೇಲಿನ ಕ್ಯಾಮೆರಾದ ಎದುರು, ಒಂಬತ್ತು ಜೋಡಿ ಕಣ್ಣುಗಳ ಮುಂದೆ ಕೈಚಳಕ ತೋರಿಸಬೇಕು. ಸಿಕ್ಕಿಬಿದ್ದರೆ ಕೆಲಸ ಹೋಗುತ್ತದೆ, ಕೇಸೂ ಬೀಳಬಹುದು. ಲಾಭ ನಷ್ಟದ ಲೆಕ್ಕ ಹೊಂದುವುದಿಲ್ಲ.

ಹದಿನೈದು ಆಟದ ಲೆಕ್ಕ

ಹಾಗಾದರೆ ಡೀಲರ್ ಬದಲಾದ ಕೂಡಲೇ ಎಲೆ ಕೈಕೊಟ್ಟಿತಲ್ಲ, ಅದು? ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಕಾಗದ ಪೆನ್ನು ಇದ್ದರೆ ಒಳ್ಳೆಯದು.

ಪೋಕರ್ ಡೀಲರ್‌ಗಳು ಒಂದೇ ಮೇಜಿನಲ್ಲಿ ರಾತ್ರಿಯೆಲ್ಲ ಕೂರುವುದಿಲ್ಲ. ಸಾಮಾನ್ಯವಾಗಿ ಅರ್ಧ ಗಂಟೆಗೊಮ್ಮೆ ಮೇಜು ಬದಲಿಸುತ್ತಾರೆ. ಗಂಟೆಗೆ 30 ಆಟ ನಡೆಯುತ್ತದೆ ಎಂದಿಟ್ಟುಕೊಂಡರೆ ಒಬ್ಬ ಡೀಲರ್ ಕೂತಾಗ 15 ಆಟ ಮುಗಿಯುತ್ತದೆ. ಮೇಜಿನಲ್ಲಿ ಒಂಬತ್ತು ಜನ. ಎಲ್ಲರೂ ಒಂದೇ ಮಟ್ಟದ ಆಟಗಾರರು, ಪ್ರತಿ ಆಟದಲ್ಲೂ ಗೆಲ್ಲುವ ಸಾಧ್ಯತೆ ಎಲ್ಲರಿಗೂ ಒಂಬತ್ತರಲ್ಲಿ ಒಂದು. ಡೀಲರ್ ಸತ್ಯಹರಿಶ್ಚಂದ್ರನ ತುಂಡು.

ಈಗ ನೀವು ಆ 15ರಲ್ಲಿ ಒಂದನ್ನೂ ಗೆಲ್ಲದಿರುವ ಸಾಧ್ಯತೆ ಎಷ್ಟು? ಒಂದು ಆಟ ಸೋಲುವ ಸಾಧ್ಯತೆ 8/9. ಅದನ್ನು 15 ಸಲ ಗುಣಿಸಿ. ಬರುವುದು ಸುಮಾರು 0.17. ಅಂದರೆ ಸರಿಸುಮಾರು ಆರರಲ್ಲಿ ಒಂದು ಸಲ, ಯಾವ ಮೋಸವೂ ಇಲ್ಲದೆ, ಒಬ್ಬ ಡೀಲರ್ ಬಂದು ಹೋಗುವಷ್ಟರಲ್ಲಿ ನೀವು ಒಂದೇ ಒಂದು ಆಟ ಗೆದ್ದಿರುವುದಿಲ್ಲ.

ಇದನ್ನು ಇಡೀ ಮೇಜಿನ ಲೆಕ್ಕದಲ್ಲಿ ನೋಡಿದರೆ ಇನ್ನೂ ಸ್ವಾರಸ್ಯ. ಒಂಬತ್ತು ಜನಕ್ಕೆ 0.17ರಂತೆ ಕೂಡಿದರೆ ಒಂದೂವರೆ. ಪ್ರತಿ ಅರ್ಧ ಗಂಟೆಗೆ, ಪ್ರತಿ ಮೇಜಿನಲ್ಲಿ, ಸರಾಸರಿ ಒಬ್ಬರೋ ಇಬ್ಬರೋ ಬರಿಗೈಯಲ್ಲಿ ಕೂತಿರುತ್ತಾರೆ. ಅದೇ ಅರ್ಧ ಗಂಟೆಯಲ್ಲಿ ಯಾರಾದರೊಬ್ಬರು ನಾಲ್ಕು ಅಥವಾ ಹೆಚ್ಚು ಆಟ ಬಾಚಿಕೊಂಡಿರುವ ಸಾಧ್ಯತೆ ಅರ್ಧಕ್ಕಿಂತ ಜಾಸ್ತಿ. ಬರಿಗೈಯಲ್ಲಿ ಕೂತವರು ಬಾಚಿಕೊಳ್ಳುತ್ತಿರುವವರನ್ನು ನೋಡುತ್ತಾರೆ. ನಡುವೆ ಡೀಲರ್ ನಗುತ್ತಾ ಬಿಲ್ಲೆಗಳನ್ನು ಆ ಕಡೆಗೆ ತಳ್ಳುತ್ತಿರುತ್ತಾರೆ. ಕಥೆ ತಾನಾಗಿಯೇ ಹುಟ್ಟಿತು.

ನಿಜವಾದ ಮೇಜಿನಲ್ಲಿ ಇದು ಇನ್ನೂ ಹೆಚ್ಚು. ಒಳ್ಳೆಯ ಆಟಗಾರರು ತಮಗೆ ಬಿದ್ದ ಎಲೆಗಳಲ್ಲಿ ಬಹುಪಾಲನ್ನು ಆಡದೆಯೇ ಮಡಚಿಬಿಡುತ್ತಾರೆ. ಹಾಗಾಗಿ ಜಾಗರೂಕ ಆಟಗಾರರಿಗೆ ಒಣ ಅರ್ಧ ಗಂಟೆಗಳು ಮತ್ತೂ ಹೆಚ್ಚು ಸಿಗುತ್ತವೆ. ಎಕ್ಕದ ಜೋಡಿ ಬೀಳುವುದೇ 221 ಆಟಕ್ಕೊಮ್ಮೆ. ಬಿದ್ದಾಗಲೂ ಗೆಲುವು ಖಾತ್ರಿಯಲ್ಲ: ರಾಜನ ಜೋಡಿ ಹಿಡಿದವರ ಎದುರು ಕೊನೆಯವರೆಗೆ ಆಡಿದರೆ ನೂರರಲ್ಲಿ ಸುಮಾರು 18 ಸಲ ಎಕ್ಕವೇ ಸೋಲುತ್ತದೆ. ಏಳು ಗಂಟೆ ಕಾದು ಸಿಕ್ಕ ಎಕ್ಕದ ಜೋಡಿ ಕಟ್ಟಕಡೆಯ ಎಲೆಯಲ್ಲಿ ಸೋತರೆ, ಆ ಎಲೆ ತಿರುಗಿಸಿದ ಕೈಯನ್ನು ಮನುಷ್ಯ ಮರೆಯುತ್ತಾನೆಯೇ?

ಮರೆಯುವುದಿಲ್ಲ, ಅದಕ್ಕೆ ಸಂಶೋಧನೆಯ ಆಧಾರವೂ ಇದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಥಾಮಸ್ ಗಿಲೊವಿಚ್ 1983ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಫುಟ್‌ಬಾಲ್ ಪಂದ್ಯಗಳ ಮೇಲೆ ಬಾಜಿ ಕಟ್ಟಿದವರು ತಮ್ಮ ಗೆಲುವು ಸೋಲುಗಳ ಬಗ್ಗೆ ಹೇಗೆ ಮಾತಾಡುತ್ತಾರೆ ಎಂಬುದನ್ನು ಪರಿಶೀಲಿಸಿದರು. ಸೋತವರು ಸೋಲನ್ನು ಮರೆತಿರುತ್ತಾರೆ ಎಂದು ನಾವು ಊಹಿಸುತ್ತೇವೆ. ಆದದ್ದು ತದ್ವಿರುದ್ಧ. ಅವರು ಸೋಲಿನ ಬಗ್ಗೆಯೇ ಹೆಚ್ಚು ಮಾತಾಡಿದರು, ಅದಕ್ಕೆ ಕಾರಣ ಹುಡುಕಿದರು, 'ಅದೊಂದು ಆಗದಿದ್ದರೆ ಗೆಲ್ಲುತ್ತಿದ್ದೆ' ಎಂದು ಸೋಲನ್ನು ಗೆಲುವಿನ ಹತ್ತಿರಕ್ಕೆ ಎಳೆದರು. ಗೆಲುವಿಗೆ ಮಾತ್ರ ಯಾವ ವಿವರಣೆಯೂ ಬೇಕಾಗಲಿಲ್ಲ, ಅದು ತಮ್ಮ ಜಾಣತನ. 'ಅದೊಂದು' ಎನ್ನುವ ಖಾಲಿ ಜಾಗದಲ್ಲಿ ಡೀಲರ್ ಬಹಳ ಸಲೀಸಾಗಿ ಕೂರುತ್ತಾರೆ. ಅವರಿಗೆ ಮುಖವಿದೆ, ಕೈಯಿದೆ. ಸಂಭವನೀಯತೆಗೆ ಅವೆರಡೂ ಇಲ್ಲ.

ಇದು ಬರೀ ತಮಾಷೆಯ ಸಂಗತಿಯಲ್ಲ. ಸೋಲಿಗೆ ಕಾರಣ ಡೀಲರ್ ಎಂದು ನಂಬಿದವರು ಮೇಜು ಬಿಟ್ಟು ಏಳುವುದಿಲ್ಲ, ಡೀಲರ್ ಬದಲಾಗಲಿ ಎಂದು ಕಾಯುತ್ತಾರೆ. ತಮ್ಮ ಆಟದಲ್ಲಿರುವ ತಪ್ಪು ಅವರ ಕಣ್ಣಿಗೆ ಬೀಳುವುದೇ ಇಲ್ಲ. ಕಳೆದುಕೊಂಡಿದ್ದನ್ನು ವಾಪಸ್ ಪಡೆಯುವ ಹಟ ಇಲ್ಲಿಂದಲೇ ಬೆಳೆಯುತ್ತದೆ. ಅದು ಕೈಮೀರಿದೆ ಅನಿಸಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು, ಕನ್ನಡದಲ್ಲಿಯೂ ಮಾತಾಡುತ್ತಾರೆ. ಇನ್ನೊಂದು ಕಡೆ, ಆ ಸಿಟ್ಟೆಲ್ಲ ಬೀಳುವುದು ಡೀಲರ್ ಮೇಲೆ. ಸೋತ ಎಲೆಯನ್ನು ಡೀಲರ್ ಮುಖಕ್ಕೆ ಎಸೆಯುವುದು, ಬೈಯುವುದು ಪೋಕರ್ ಲೋಕದಲ್ಲಿ ಎಷ್ಟು ಸಾಮಾನ್ಯವೆಂದರೆ ಟೂರ್ನಿಗಳು ಅದಕ್ಕೆಂದೇ ದಂಡನೆ ಇಟ್ಟಿವೆ. ನಿಂತು ಕೇಳಿಸಿಕೊಳ್ಳುವವರು ತಿಂಗಳ ಸಂಬಳಕ್ಕೆ ರಾತ್ರಿ ಪಾಳಿ ಮಾಡುವ ಹುಡುಗ ಹುಡುಗಿಯರು.

ಕಲಸುವ ಕೈ, ಕಲಸುವ ಯಂತ್ರ

ಅನುಮಾನ ಮಾತ್ರ ಪೂರ್ತಿ ಹೋಗುವುದಿಲ್ಲ. ಕಲಸುವುದೇ ಸರಿ ಇಲ್ಲದಿದ್ದರೆ?

52 ಎಲೆಗಳನ್ನು ಜೋಡಿಸಬಹುದಾದ ಕ್ರಮಗಳ ಸಂಖ್ಯೆ ಬರೆಯಲು 8ರ ಮುಂದೆ 67 ಸೊನ್ನೆ ಹಾಕಬೇಕು. ಸರಿಯಾಗಿ ಕಲಸಿದ ಕಟ್ಟೊಂದು ಜಗತ್ತಿನಲ್ಲಿ ಹಿಂದೆಂದೂ ಬಂದಿರದ ಕ್ರಮದಲ್ಲಿ ಇರುತ್ತದೆ ಎಂದು ಧೈರ್ಯವಾಗಿ ಹೇಳಬಹುದು. 'ಸರಿಯಾಗಿ' ಎಂದರೆ ಎಷ್ಟು ಸಲ? ಪರ್ಸಿ ಡಯಾಕೊನಿಸ್ ಎಂಬ ಗಣಿತಜ್ಞ ಈ ಪ್ರಶ್ನೆಯ ಬೆನ್ನು ಬಿದ್ದವರು. ಅವರು ಗಣಿತಕ್ಕೆ ಬರುವ ಮುಂಚೆ ವೃತ್ತಿಪರ ಜಾದೂಗಾರರಾಗಿದ್ದರು, ಹಾಗಾಗಿ ಎಲೆಯ ಮೋಸ ಕೈಯಿಂದಲೇ ಗೊತ್ತು. ಡೇವ್ ಬೇಯರ್ ಜೊತೆಗೂಡಿ 1992ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಅವರು ತೋರಿಸಿದ್ದು: ಕಟ್ಟನ್ನು ಎರಡು ಪಾಲು ಮಾಡಿ ಎಲೆಗಳನ್ನು ಒಂದರೊಳಗೊಂದು ಬೀಳಿಸುವ ಕ್ರಮದಲ್ಲಿ ಕಲಸಿದರೆ ಸುಮಾರು ಏಳು ಸಲ ಬೇಕು. ಅದಕ್ಕಿಂತ ಕಡಿಮೆಯಾದರೆ ಹಳೆಯ ಕ್ರಮದ ಗುರುತು ಉಳಿದಿರುತ್ತದೆ.

ಕ್ಯಾಸಿನೊ ಡೀಲರ್‌ಗಳು ಸಾಮಾನ್ಯವಾಗಿ ಏಳು ಸಲ ಹಾಗೆ ಕಲಸುವುದಿಲ್ಲ. ಮೇಜಿನ ಮೇಲೆ ಎಲೆಗಳನ್ನು ಹರಡಿ ಎರಡೂ ಅಂಗೈಯಿಂದ ಹಿಟ್ಟು ಕಲಸಿದ ಹಾಗೆ ಕಲಸುತ್ತಾರೆ, ಆಮೇಲೆ ಮೂರ್ನಾಲ್ಕು ಸಲ ಬೀಳಿಸಿ, ಕತ್ತರಿಸಿ, ಅಡಿಯ ಎಲೆ ಕಾಣದಂತೆ ಒಂದು ಪ್ಲಾಸ್ಟಿಕ್ ಎಲೆ ಇಡುತ್ತಾರೆ. ನಡುವಿನ ಎಲೆಗಳನ್ನು ತೆರೆಯುವ ಮೊದಲು ಪ್ರತಿ ಸಲವೂ ಮೇಲಿನ ಒಂದು ಎಲೆಯನ್ನು ಮುಚ್ಚಿಯೇ ಪಕ್ಕಕ್ಕೆ ಸರಿಸುತ್ತಾರೆ. ಮೇಲಿನ ಎಲೆಗೆ ಯಾರಾದರೂ ಗುರುತು ಮಾಡಿದ್ದರೆ ಅದು ಉಪಯೋಗಕ್ಕೆ ಬಾರದಿರಲಿ ಎಂದು. ಮೇಜು ಬಿಡುವಾಗ ಎರಡೂ ಕೈ ತಟ್ಟಿ ಅಂಗೈ ತಿರುಗಿಸಿ ತೋರಿಸುತ್ತಾರಲ್ಲ, ಅದು ನಮಸ್ಕಾರವಲ್ಲ. ಕೈಯಲ್ಲಿ ಬಿಲ್ಲೆ ಇಲ್ಲ ಎಂದು ಕ್ಯಾಮೆರಾಗೆ ಕೊಡುವ ಲೆಕ್ಕ.

ಯಂತ್ರಗಳೂ ಪರಿಪೂರ್ಣವಲ್ಲ. ತಯಾರಕರೊಬ್ಬರು ಹೊಸ ಬಗೆಯ ಕಲಸುವ ಯಂತ್ರವನ್ನು ಪರೀಕ್ಷಿಸಲು ಡಯಾಕೊನಿಸ್ ಮತ್ತು ಸಂಗಡಿಗರನ್ನು ಕರೆದಿದ್ದರು. ನಿಜಕ್ಕೂ ಕಲಸಿದ ಕಟ್ಟಿನಲ್ಲಿ ಒಂದೊಂದೇ ಎಲೆ ತೆರೆಯುತ್ತಾ ಮುಂದಿನದನ್ನು ಊಹಿಸಿದರೆ 52ರಲ್ಲಿ ಸರಾಸರಿ ನಾಲ್ಕೂವರೆ ಊಹೆ ಸರಿಯಾಗುತ್ತದೆ. ಆ ಯಂತ್ರದ ಕಟ್ಟಿನಲ್ಲಿ ಒಳ್ಳೆಯ ತಂತ್ರ ಬಳಸಿದರೆ ಸುಮಾರು ಒಂಬತ್ತೂವರೆ ಸರಿಯಾದವು. ದೊಡ್ಡ ದೋಷವೇ. ಆದರೂ ಗಮನಿಸಿ: ಅರೆಬರೆ ಕಲಸಿದ ಕಟ್ಟು ಮೂರನೇ ಕುರ್ಚಿಯವರನ್ನು ಪ್ರೀತಿಸಿ ಐದನೇ ಕುರ್ಚಿಯವರನ್ನು ದ್ವೇಷಿಸುವುದಿಲ್ಲ. ಅದರಿಂದ ಲಾಭ ಆಗುವುದು ಹಳೆಯ ಕ್ರಮವನ್ನು ನೆನಪಿಟ್ಟು ಲೆಕ್ಕ ಹಾಕಬಲ್ಲವರಿಗೆ ಮಾತ್ರ. ಕಲಸಿದ್ದು ಕೆಟ್ಟದಾಗಿದೆ ಎಂಬುದಕ್ಕೂ ಡೀಲರ್ ಒಬ್ಬರ ಪರವಾಗಿದ್ದಾರೆ ಎಂಬುದಕ್ಕೂ ನಂಟಿಲ್ಲ.

ಹಾಗಂತ ಡೀಲರ್‌ಗಳು ಕೆಟ್ಟಿರುವುದೇ ಇಲ್ಲವೇ? ಕೆಟ್ಟಿದ್ದಾರೆ. ಅಮೆರಿಕದ ಸ್ಯಾನ್ ಡಿಯಾಗೊ ಮೂಲದ ಟ್ರಾನ್ ಗುಂಪಿನ ಮೇಲೆ 2007ರಲ್ಲಿ ದಾಖಲಾದ ಪ್ರಕರಣ ಬಹಳ ಹೆಸರಾಯಿತು. ಬ್ಯಾಕರಾಟ್ ಆಟದ ಡೀಲರ್‌ಗಳಿಗೆ ಲಂಚ ಕೊಟ್ಟು, ಕೆಲವು ಎಲೆಗಳ ಕ್ರಮ ಕದಡದಂತೆ ಕಲಸಿದ ಹಾಗೆ ನಟಿಸುವಂತೆ ಮಾಡಿ, ಅಮೆರಿಕ ಮತ್ತು ಕೆನಡಾದ ಹಲವು ಕ್ಯಾಸಿನೊಗಳಿಂದ ಲಕ್ಷಾಂತರ ಡಾಲರ್ ದೋಚಿದ್ದರು. ಆದರೆ ಅಲ್ಲಿ ಮೋಸ ಹೋದದ್ದು ಯಾರು? ಪಕ್ಕದ ಆಟಗಾರನಲ್ಲ, ಕ್ಯಾಸಿನೊ. ಡೀಲರ್‌ಗಳ ಮೇಲೆ ಅಷ್ಟೊಂದು ಕ್ಯಾಮೆರಾ ಇರುವುದಕ್ಕೆ ನಿಮ್ಮ ಹಿತಕ್ಕಿಂತ ಮಾಲೀಕರ ಭಯವೇ ದೊಡ್ಡ ಕಾರಣ ಎಂಬುದು ನಮ್ಮ ಅನಿಸಿಕೆ. ಉಪಕಾರವಂತೂ ನಿಮಗೂ ಆಗುತ್ತದೆ.

ಆನ್‌ಲೈನ್‌ನಲ್ಲಿ ನಡೆದದ್ದು ಇನ್ನೂ ಕೆಟ್ಟದು. ಆಬ್ಸೊಲ್ಯೂಟ್ ಪೋಕರ್ ಮತ್ತು ಅಲ್ಟಿಮೇಟ್‌ಬೆಟ್ ತಾಣಗಳಲ್ಲಿ ಎದುರಾಳಿಗಳ ಮುಚ್ಚಿದ ಎಲೆ ನೋಡಬಲ್ಲ ಖಾತೆಗಳು ಇದ್ದದ್ದು 2007 ಮತ್ತು 2008ರಲ್ಲಿ ಬಯಲಾಯಿತು. ಬಯಲಿಗೆಳೆದವರು ಆಟಗಾರರೇ. ಆದರೆ 'ನನಗೆ ಹಾಗನ್ನಿಸಿತು' ಎಂಬ ಮಾತಿನಿಂದಲ್ಲ, ಆಟದ ದಾಖಲೆಗಳನ್ನು ಕಲೆಹಾಕಿ, ಕೆಲವು ಖಾತೆಗಳ ಗೆಲುವಿನ ಪ್ರಮಾಣ ಅದೃಷ್ಟಕ್ಕೆ ನಿಲುಕದ್ದು ಎಂದು ತೋರಿಸಿ. 15 ಆಟದ ಅನಿಸಿಕೆಗೂ ಸಾವಿರಾರು ಆಟದ ದಾಖಲೆಗೂ ಇರುವ ಅಂತರ ಇದು. (ನಮ್ಮಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿಗೆ ಕೊಟ್ಟಿದೆ.)

ಮನೆಯ ಜಗಲಿಯ ಆಟ ಬೇರೆ

ಯುಗಾದಿಯ ಹೊಸತೊಡಕಿನ ದಿನ ಹಳೇ ಮೈಸೂರು ಕಡೆಯ ಊರುಗಳಲ್ಲಿ ನಡೆಯುವ ಇಸ್ಪೀಟಿಗಾಗಲಿ, ಗೆಳೆಯರು ಸೇರಿದ ಪೋಕರ್‌ಗಾಗಲಿ ಮೇಲಿನ ಸಮಾಧಾನ ಪೂರ್ತಿ ಅನ್ವಯಿಸುವುದಿಲ್ಲ. ಇಲ್ಲಿ ಎಲೆ ಹಾಕುವವನಿಗೇ ಗೆಲ್ಲುವ ಆಸೆ. ಕ್ಯಾಮೆರಾ ಇಲ್ಲ, ಕತ್ತರಿಸಲು ಕೊಡುವುದೂ ಕೆಲವೊಮ್ಮೆ ಇಲ್ಲ. ಅಡಿಯಿಂದ ಎಲೆ ಎಳೆಯುವುದು, ಮೇಲಿನದನ್ನು ಉಳಿಸಿಕೊಂಡು ಎರಡನೆಯದನ್ನು ಹಾಕುವುದು ಹಳೆಯ ವಿದ್ಯೆಗಳು. ಎಡಗಡೆಯವರು ಕಲಸಲಿ, ಬಲಗಡೆಯವರು ಕತ್ತರಿಸಲಿ, ಕಟ್ಟಿನ ಅಡಿಗೆ ಹಳೆಯ ವಿಸಿಟಿಂಗ್ ಕಾರ್ಡ್ ಒಂದಿರಲಿ. ಇಷ್ಟಕ್ಕೇ ಅರ್ಧ ವಿದ್ಯೆ ಮರೆತುಹೋಗುತ್ತದೆ.

ಆದರೆ ಇಲ್ಲಿಯೂ ಅನುಮಾನ ತಪ್ಪು ಜಾಗಕ್ಕೆ ಹೋಗುವುದುಂಟು. ಪೊಲೀಸ್ ದಾಳಿಯ ಸುದ್ದಿಗಳಲ್ಲಿ ನಾವು ದಿನವೂ ಓದುವ ಅಂದರ್ ಬಾಹರ್ ತೆಗೆದುಕೊಳ್ಳಿ. ಒಂದು ಎಲೆ ತೆರೆದಿಟ್ಟು, ಅದೇ ಅಂಕಿಯ ಇನ್ನೊಂದು ಎಲೆ ಒಳಗೆ ಬೀಳುತ್ತದೋ ಹೊರಗೆ ಬೀಳುತ್ತದೋ ಎಂದು ಬಾಜಿ. ಒಂದು ಒಳಗೆ, ಒಂದು ಹೊರಗೆ ಎಂದು ಸರದಿಯಂತೆ ಹಾಕುತ್ತಾ ಹೋಗುತ್ತಾರೆ. ಮೊದಲ ಎಲೆ ಯಾವ ಕಡೆ ಬೀಳುತ್ತದೋ ಆ ಕಡೆಗೆ ಗೆಲುವಿನ ಸಾಧ್ಯತೆ ಶೇ 51.5, ಇನ್ನೊಂದಕ್ಕೆ ಶೇ 48.5. ಆಟ ಕಟ್ಟಿರುವ ರೀತಿಯೇ ಹಾಗೆ. ಎರಡೂ ಕಡೆಗೆ ಒಂದೇ ಸಮ ಹಣ ಕೊಡುವ ಅಡ್ಡೆಯಲ್ಲಿ ಒಬ್ಬರು ಸದಾ ಮೊದಲ ಕಡೆಗೇ ಕಟ್ಟುತ್ತಿದ್ದರೆ, ನಿಧಾನಕ್ಕೆ ಅವರ ಕೈ ಮೇಲಾಗುತ್ತದೆ. ಬೈಸಿಕೊಳ್ಳುವುದು ಎಲೆ ಹಾಕುವವನು.

ನಿಜವಾದ ಪಕ್ಷಪಾತ

ಈಗ ಆಗಲೇ ಹೇಳಿದ ಬೇರೆ ಜಾಗಕ್ಕೆ ಬರೋಣ. ಡೀಲರ್ ಎಲೆ ಹಾಕುವುದಷ್ಟೇ ಅಲ್ಲ, ನಿಯಮವನ್ನೂ ಕಾಯಬೇಕು. ಆಟ ಕಣ್ಣೆದುರು ಓಡುತ್ತಿರುವಾಗ ಕ್ಷಣಕ್ಕೊಂದು ತೀರ್ಮಾನ. ಮನುಷ್ಯರ ಒಲವು ನುಸುಳುವುದು ಇಲ್ಲಿ.

ಒಬ್ಬರು ಒಂದು ಹಿಡಿ ಬಿಲ್ಲೆ ಮುಂದಿಟ್ಟು, ಎದುರಿನವರ ಮುಖ ನೋಡಿ, ಕೈ ಹಿಂದಕ್ಕೆ ತಂದು ಇನ್ನೊಂದಷ್ಟು ಇಡುತ್ತಾರೆ. ಇದು ನಿಯಮಬಾಹಿರ, ಮೊದಲು ಇಟ್ಟದ್ದಷ್ಟೇ ಲೆಕ್ಕ. ಹೊಸಬರು ಮಾಡಿದರೆ ಡೀಲರ್ ತಕ್ಷಣ ತಡೆಯುತ್ತಾರೆ. ವಾರಕ್ಕೆ ನಾಲ್ಕು ದಿನ ಬರುವ, ಹೆಸರು ಹಿಡಿದು ಮಾತಾಡಿಸುವ, ಕೈತುಂಬ ಟಿಪ್ಸ್ ಕೊಡುವ ಸಾಹೇಬರು ಮಾಡಿದರೆ? ತಡೆಯಲೂಬಹುದು. 'ಇರಲಿ ಬಿಡಿ' ಎಂದೂ ಆಗಬಹುದು. ಸರದಿ ಬರುವ ಮೊದಲೇ ಆಡಿದವರನ್ನು ಎಚ್ಚರಿಸುವುದು, ಯೋಚಿಸಲು ಯಾರಿಗೆ ಎಷ್ಟು ಹೊತ್ತು ಕೊಡುವುದು, ತಪ್ಪಿ ಮಡಚಿದ ಎಲೆಯನ್ನು ವಾಪಸ್ ಕೊಡುವುದು, ಮೇಜಿನ ಮೇಲೆ ಆಟಗಾರರು ತಮ್ಮ ಭಾಷೆಯಲ್ಲಿ ಪಿಸುಗುಟ್ಟುವುದನ್ನು ಕಂಡೂ ಕಾಣದಂತಿರುವುದು, ಇವೆಲ್ಲ ಹಾಗೆಯೇ. ಕೆಲವು ಡೀಲರ್‌ಗಳು ಎಲೆ ಹಾಕುವಾಗ ತುಸು ಹೆಚ್ಚು ಎತ್ತುತ್ತಾರೆ, ತಗ್ಗಿ ಕೂತವರಿಗೆ ಅಂಚು ಕಾಣುತ್ತದೆ. ಉದ್ದೇಶ ಏನೂ ಇಲ್ಲ, ಅಭ್ಯಾಸ ಅಷ್ಟೇ. ನಷ್ಟ ಮಾತ್ರ ನಿಜ.

ಒಳ್ಳೆಯ ಮನುಷ್ಯರೂ ಹೀಗೆ ಜಾರುತ್ತಾರೆ ಎಂಬುದಕ್ಕೆ ಕ್ರೀಡಾಂಗಣದಲ್ಲಿ ಪುರಾವೆಯಿದೆ. ಸ್ಪೇನ್‌ನ ಲಾ ಲಿಗಾ ಫುಟ್‌ಬಾಲ್ ಪಂದ್ಯಗಳ ಬಗ್ಗೆ 2005ರಲ್ಲಿ ಪ್ರಕಟವಾದ ಅಧ್ಯಯನವೊಂದು ರೆಫರಿಗಳು ಕೊನೆಯಲ್ಲಿ ಸೇರಿಸುವ ಹೆಚ್ಚುವರಿ ನಿಮಿಷಗಳನ್ನು ಲೆಕ್ಕ ಹಾಕಿತು. ತವರು ತಂಡ ಒಂದು ಗೋಲು ಹಿಂದಿದ್ದಾಗ ಸಿಕ್ಕ ಸಮಯ, ಒಂದು ಗೋಲು ಮುಂದಿದ್ದಾಗ ಸಿಕ್ಕ ಸಮಯದ ಸುಮಾರು ಎರಡು ಪಟ್ಟು. ಅಧ್ಯಯನಕಾರರು ಅದನ್ನು ಲಂಚ ಎನ್ನಲಿಲ್ಲ. ಸುತ್ತ ಕಿರುಚುವ ಜನರ ಒತ್ತಡ ಎಂದರು. ಕ್ರಿಕೆಟ್ ಈ ಪಾಠವನ್ನು ಜಗಳವಾಡಿಯೇ ಕಲಿಯಿತು: ಟೆಸ್ಟ್ ಪಂದ್ಯಕ್ಕೆ ಒಬ್ಬ ತಟಸ್ಥ ಅಂಪೈರ್ ಕಡ್ಡಾಯವಾದದ್ದು 1994ರಲ್ಲಿ, ಇಬ್ಬರೂ ತಟಸ್ಥರಾಗಬೇಕೆಂದಾದದ್ದು 2002ರಲ್ಲಿ. ಪೋಕರ್ ಡೀಲರ್‌ಗೆ ಒತ್ತಡ ಹಾಕುವವರು ಗ್ಯಾಲರಿಯಲ್ಲಿಲ್ಲ, ಎರಡಡಿ ದೂರದಲ್ಲಿ ಕೂತಿದ್ದಾರೆ, ಅವರ ಕೈಯಲ್ಲೇ ಟಿಪ್ಸ್ ಇದೆ.

ಡೀಲರ್‌ಗಳನ್ನು ಅರ್ಧ ಗಂಟೆಗೊಮ್ಮೆ ಬದಲಿಸುವುದರ ಒಂದು ಉಪಯೋಗ ಇದೇ. ಹಲವು ಕಡೆ ಟಿಪ್ಸ್ ಎಲ್ಲ ಒಟ್ಟುಗೂಡಿಸಿ ಹಂಚುತ್ತಾರೆ, ಆಗ ಯಾರೊಬ್ಬರ ಔದಾರ್ಯವೂ ಒಬ್ಬ ಡೀಲರ್‌ನ ಜೇಬಿಗೆ ನೇರ ಹೋಗುವುದಿಲ್ಲ. ತಕರಾರು ಬಂದರೆ ಡೀಲರ್ ಅಂತಿಮ ತೀರ್ಪು ಕೊಡುವಂತಿಲ್ಲ, ಫ್ಲೋರ್ ಮ್ಯಾನೇಜರ್ ಬರಬೇಕು. ಅವರನ್ನು ಕರೆಯುವುದು ಆಟಗಾರರ ಹಕ್ಕು, ಡೀಲರ್‌ಗೆ ಮಾಡುವ ಅವಮಾನವಲ್ಲ. ಕರೆದಾಗ 'ಈ ಡೀಲರ್ ಅವನ ಕಡೆ' ಎಂದರೆ ಯಾರೂ ಏನೂ ಮಾಡಲಾರರು. 'ಈ ಆಟದಲ್ಲಿ ಇವರು ಎರಡು ಸಲ ಬಿಲ್ಲೆ ಇಟ್ಟರು, ಡೀಲರ್ ಲೆಕ್ಕಕ್ಕೆ ತಗೊಂಡರು, ಕ್ಯಾಮೆರಾ ನೋಡಿ' ಎಂದರೆ ನೋಡಲೇಬೇಕು.

ಹೊತ್ತು ಮೀರಬಾರದು, ಅಷ್ಟೆ. ಹೆಚ್ಚಿನ ಟೂರ್ನಿಗಳು ಪಾಲಿಸುವ ನಿಯಮದ ಪ್ರಕಾರ ಒಂದು ಆಟದ ಬಗ್ಗೆ ತಕರಾರು ಎತ್ತುವ ಹಕ್ಕು ಮುಂದಿನ ಆಟ ಶುರುವಾದ ಕ್ಷಣಕ್ಕೆ ಮುಗಿಯುತ್ತದೆ. ಡೀಲರ್ ಎಲೆಗಳನ್ನು ಒಂದು ಸಲ ಬೀಳಿಸಿದರೆ ಅಥವಾ ಯಂತ್ರದ ಗುಂಡಿ ಒತ್ತಿದರೆ ಮುಂದಿನ ಆಟ ಶುರುವಾಯಿತು ಎಂದೇ ಲೆಕ್ಕ.